ತೊಂಬತ್ತೇಳು ಜುಮ್ಮು

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಓಲೆ ಹೊರಡಬೇಕು. ಗಡಿಯಾರ ಎಂಟೂವರೆ ದಾಟಿದ್ದರೂ ಶಶಿಕಲಾ ಅಸುಂಡಿಯ ಓಲೆ ಅರ್ಧಕ್ಕೇ ನಿಂತಿತ್ತು.

ಮೊದಲರ್ಧ ಸಲೀಸಾಗಿ ಬಂದಿತ್ತು. ಅದು ಆ ವಾರ ಅವಳು ಮಾಡಿದ ಕೆಲಸದ ವರದಿ. ‘ನನ್ನ ಹೊಸ ಏಕವ್ಯಕ್ತಿ ನಾಟಕದಲ್ಲಿ ರಾಣಿಯ ಪ್ರವೇಶ ಇನ್ನೂ ಕುದುರಿಲ್ಲ. ಆರು ಥರ ನಡೆದು ನೋಡಿದೆ. ಐದು ಸಲ ರಾಣಿ ಮಂಡಿನೋವಿನವಳ ಹಾಗೆ ಕಂಡಳು. ಆರನೇ ಸಲ ಮಂಡಿನೋವು ನನಗೇ ಬಂತು.’ ಉಳಿದರ್ಧದಲ್ಲಿ ಮೂರು ಶಿಫಾರಸು ಇರಬೇಕು. ಒಂದು ನೋಡುವಂಥದ್ದು, ಒಂದು ಕೇಳುವಂಥದ್ದು, ಒಂದು ಓದುವಂಥದ್ದು. ಆ ಜಾಗ ಖಾಲಿ ಬಿದ್ದಿತ್ತು.

ಗದಗಿನ ತನ್ನ ಅಡುಗೆಮನೆಯ ಮೇಜಿನಿಂದ ಹನ್ನೊಂದು ವರ್ಷ ಒಂದು ಸೋಮವಾರವನ್ನೂ ತಪ್ಪಿಸದೆ ಅವಳು ಈ ಓಲೆ ಕಳಿಸಿದ್ದಳು. ಶುರುವಿಗೆ ಹನ್ನೆರಡು ಜನ ಓದುತ್ತಿದ್ದರು, ಅವರಲ್ಲಿ ಐವರು ನೆಂಟರು. ಈಗ ನಲವತ್ತು ಸಾವಿರ ಮನೆಗಳು ಕಾಯುತ್ತಿದ್ದವು. ಸಂತೆಯಲ್ಲಿ ಸಿಕ್ಕವರು ಅವಳ ಚೀಲ ಹಿಡಿದು ನಿಲ್ಲಿಸುತ್ತಿದ್ದರು. “ಶಶಕ್ಕಾ, ನೀವು ಹೇಳಿದ ನಾಟಕ ನೋಡಿ ನಮ್ಮತ್ತಿ ಮೂರು ದಿನ ನನ್ನ ಜೋಡಿ ಚಂದಂಗ ಮಾತಾಡಿದ್ರು ನೋಡ್ರಿ. ನಾಕನೇ ದಿನಕ್ಕ ಮತ್ತೊಂದು ಹೇಳ್ರಿ!”

ಓಲೆಗೆ ಇಷ್ಟು ಬೆಲೆ ಬಂದದ್ದಕ್ಕೆ ಕಾರಣ ಇತ್ತು. ಒಂದು ಕಾಲಕ್ಕೆ ನಾಟಕ ಬರೆಯುವುದು, ಹಾಡು ಕಟ್ಟುವುದು ಕಷ್ಟದ ಕೆಲಸವಾಗಿತ್ತು. ಈಗ ಯಂತ್ರಗಳು ಒಂದು ಲೋಟ ಚಹಾ ಆರುವಷ್ಟರಲ್ಲಿ ಸಾವಿರ ನಾಟಕ ಕಟ್ಟಿ ಹಾಕುತ್ತಿದ್ದವು. ಹೊಗಳಿಕೆಯನ್ನೂ ಅವೇ ಬರೆಯುತ್ತಿದ್ದವು. ಯಾವುದನ್ನು ನಂಬುವುದು? ಜನ ಬೇಸತ್ತು ಏನನ್ನೂ ನೋಡದೆ ಗೋಡೆ ನೋಡುತ್ತ ಕೂತಿದ್ದ ಆ ದಿನಗಳಲ್ಲಿ ಹುಬ್ಬಳ್ಳಿಯ ಸಾಕ್ಷಿ ಕೇಂದ್ರದವರು ಒಂದು ಬಳೆ ತಯಾರಿಸಿದರು. ಕೈಗೆ ಹಾಕಿಕೊಂಡರೆ ಅದು ಮೂರನ್ನು ಗಮನಿಸುತ್ತಿತ್ತು: ತೋಳಿನ ರೋಮ ನಿಮಿರುವುದು, ಚರ್ಮ ಬಿಸಿಯೇರುವುದು, ಎದೆಬಡಿತ. ಮೂರನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ಒಂದು ಅಂಕಿ ತೋರಿಸುತ್ತಿತ್ತು. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ ಎಂಬುದು ಅವರ ತತ್ತ್ವ. ಅದಕ್ಕೆ ಅವರು ಇಟ್ಟ ಹೆಸರು ಉದ್ದವಾಗಿತ್ತು. ಜನ ಜುಮ್ಮು ಬಳೆ ಎಂದು ಕರೆದರು. “ಎಷ್ಟು ಜುಮ್ಮು ಬಂತು?” ಎಂಬುದು ಊಟ ಆಯಿತೇ ಎಂಬಷ್ಟೇ ಮಾಮೂಲಿ ಪ್ರಶ್ನೆಯಾಯಿತು.

ಎಪ್ಪತ್ತು ಜುಮ್ಮು ದಾಟಿದ ಶಿಫಾರಸಿಗೆ ಹಸಿರು ಮುದ್ರೆ. ಮುದ್ರೆಯಿದ್ದ ಓಲೆಯನ್ನು ಜಾಲ ತಾನಾಗಿ ಮನೆಮನೆಗೆ ಹೊತ್ತೊಯ್ಯುತ್ತಿತ್ತು. ಸತತ ಮೂರು ವಾರ ಒಂದೂ ಹಸಿರು ಮುದ್ರೆ ಬರದಿದ್ದರೆ ಓಲೆ ನಿಲ್ಲುತ್ತಿತ್ತು. ಮುದ್ರೆ ಸುಳ್ಳೆಂದು ಗೊತ್ತಾದರಂತೂ ಮತ್ತೆಂದೂ ಇಲ್ಲ.

“ಎಷ್ಟು ಬಂತು?” ಗಂಡ ಮಹಾಂತೇಶ ಬಾಗಿಲಲ್ಲಿ ನಿಂತು ಕೇಳಿದ. ಕಪ್ಪತಗುಡ್ಡದ ಗಾಳಿಯಂತ್ರಗಳ ರಿಪೇರಿ ಅವನ ಕೆಲಸ. ಎತ್ತರ, ಗಾಳಿ ಎರಡಕ್ಕೂ ಹೆದರದ ಮನುಷ್ಯ ಮನೆಯ ಫ್ಯಾನಿಗೆ ಮಾತ್ರ ಹೆದರಿ ಶಾಲು ಹೊದ್ದಿದ್ದ. ಸಂಕ್ರಾಂತಿಯ ಚಳಿಯಲ್ಲೂ ಅವನ ಹೆಂಡತಿ ಫ್ಯಾನು ಹಚ್ಚಿ ಕೂರುತ್ತಿದ್ದಳು.

“ಮೂವತ್ತೆಂಟು.”

“ಅಷ್ಟ? ಆ ಸಂಗೀತ ಭಾಳ ಛಲೋ ಐತಿ ಅಂದಿದ್ದೆಲ್ಲ?”

“ಛಲೋ ಐತ್ರಿ. ನನಗ ಗೊತ್ತೈತಿ ಛಲೋ ಐತಿ ಅಂತ. ಮೈಗೆ ಗೊತ್ತಾಗವಲ್ದು.”

ಇದು ಎರಡನೇ ಖಾಲಿ ಸೋಮವಾರ. ಖಾಲಿ ಜಾಗದಲ್ಲಿ ‘ಈ ವಾರ ಏನೂ ಸಿಗಲಿಲ್ಲ, ಕ್ಷಮಿಸಿ’ ಎಂದು ಬರೆದು ಕಳಿಸಿದಳು. ನಂತರ ಬಹಳ ಹೊತ್ತು ತನ್ನ ಎಡ ತೋಳನ್ನು ನೋಡುತ್ತ ಕೂತಳು. ಐವತ್ತೊಂದು ವರ್ಷದ ತೋಳು. ಚಿಕ್ಕಂದಿನಲ್ಲಿ ಯಾರೋ ಪಕ್ಕದ ಓಣಿಯಲ್ಲಿ ಹಾಡಿದರೂ ಇದು ಮುಳ್ಳೇಳುತ್ತಿತ್ತು. ವಯಸ್ಸು ಮಂಡಿಗೆ ಬಂದರೆ ಎಣ್ಣೆ ಹಚ್ಚಬಹುದು, ಕೂದಲಿಗೆ ಬಂದರೆ ಬಣ್ಣ ಹಚ್ಚಬಹುದು. ಜುಮ್ಮೆನ್ನುವ ಜಾಗಕ್ಕೇ ಬಂದರೆ ಏನು ಹಚ್ಚುವುದು? ಇದನ್ನು ಯಾರಿಗೂ ಹೇಳುವ ಹಾಗೂ ಇರಲಿಲ್ಲ. ನಟಿಗೆ ಮೈ ಸತ್ತಿದೆ ಎಂದರೆ ಅಡುಗೆಯವಳಿಗೆ ನಾಲಗೆ ಸತ್ತಿದೆ ಎಂದಂತೆ.

ಗುರುವಾರ ಮಧ್ಯಾಹ್ನ ಅವಳು ಬೆಟಗೇರಿಗೆ ಹೋದಳು. ಅಲ್ಲಿ ರುದ್ರಕ್ಕನ ಹೊಲಿಗೆ ಅಂಗಡಿ. ರುದ್ರಕ್ಕನಿಗೆ ಎಪ್ಪತ್ನಾಲ್ಕು. ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ನಾಯಕಿಯಾಗಿದ್ದವಳು, ಕಂಪನಿ ಮುಚ್ಚಿದ ಮೇಲೆ ಅದರ ಹೊಲಿಗೆ ಮಷೀನನ್ನೇ ಮನೆಗೆ ತಂದು ಬ್ಲೌಸು ಹೊಲಿಯಲು ಕೂತವಳು. ಶಶಿಕಲಾಳ ವೇಷಗಳೆಲ್ಲ ಅವಳದೇ ಹೊಲಿಗೆ.

“ನಡದು ತೋರಿಸು ನೋಡೂಣು,” ಎಂದಳು ರುದ್ರಕ್ಕ.

ಶಶಿಕಲಾ ಬಾಗಿಲಿಂದ ಮಷೀನಿನವರೆಗೆ ರಾಣಿಯಾಗಿ ನಡೆದಳು.

“ಯವ್ವಾ, ರಾಣಿ ಏನು ಬಸ್ ತಪ್ಪಿಸ್ಕೊಂಡಾಳೇನು?”

“ಹಂಗಾರ ನೀವ ತೋರಸ್ರಿ ರುದ್ರಕ್ಕ. ರಾಜ್ಯ ಹೋಗೈತಿ, ಸಭಾ ಖಾಲಿ ಐತಿ, ಆಕಿ ಒಬ್ಬಾಕೀನ ಒಳಗ ಬರ್ತಾಳ. ಹೆಂಗ ಬರಬೇಕು?”

ರುದ್ರಕ್ಕ ಏಳಲಿಲ್ಲ. ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತಿದ್ದಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಪೋಣಿಸಿ, ತಲೆಯೆತ್ತಿದಳು. ಅಷ್ಟೇ. ಆಮೇಲೆ ಶಶಿಕಲಾಳೇ ಬರೆದ ಮಾತನ್ನು, ಅವಳು ಎಂದೂ ಕೇಳಿರದ ದನಿಯಲ್ಲಿ ಹೇಳಿದಳು.

“ಸಭೆಯಲ್ಲಿ ಯಾರೂ ಇಲ್ಲವೇ? ಹಾಗಾದರೆ, ನಾನು ಬಂದೆನೆಂದು ಯಾರು ಸಾರುವರು?”

ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನ ಗಂಟೆ ಕೂಡ ಆ ಕ್ಷಣ ಸುಮ್ಮನಾದ ಹಾಗಿತ್ತು.

“ರಾಣಿ ನಡದು ಬರಂಗಿಲ್ಲ ಶಶಿ. ರಾಣಿ ಬಂದಬಿಟ್ಟಿರ್ತಾಳ.” ರುದ್ರಕ್ಕ ಮತ್ತೆ ಬ್ಲೌಸಿನ ತೋಳಿಗೆ ಬಗ್ಗಿದಳು. “ಈ ಬ್ಲೌಸಿನಾಕಿನ್ನ ನೋಡು, ತೋಳು ಗಿಡ್ಡ ಮಾಡು ಅಂತಾಳ, ಮ್ಯಾಲ ಗಿಡ್ಡ ಆತು ಅಂತಾಳ.”

ಬಳೆ ಸಣ್ಣಗೆ ಗುಂಯ್‌ಗುಟ್ಟಿತು. ಶಶಿಕಲಾ ಆಸೆಯಿಂದ ನೋಡಿದಳು. ಅರವತ್ತೊಂದು. ಎಪ್ಪತ್ತಕ್ಕೆ ಒಂಬತ್ತು ಕಡಿಮೆ. ತನಗೇನೋ ಆಗಿತ್ತಲ್ಲ ಎಂದುಕೊಂಡಿದ್ದವಳು, ಅಂಕಿ ನೋಡಿದ ಮೇಲೆ, ಅಷ್ಟೇನೂ ಆಗಿರಲಿಕ್ಕಿಲ್ಲ ಎಂದು ಸುಮ್ಮನಾದಳು. ಆಗಿದ್ದರೂ ಏನು ಪ್ರಯೋಜನ? ಬೆಟಗೇರಿಯ ದರ್ಜಿಯನ್ನು ಜಾಲದಲ್ಲಿ ಕಳಿಸಲಾಗುತ್ತದೆಯೇ?

ಶನಿವಾರ ಹನ್ನೆರಡು ಗಂಟೆಗೆ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾನುಲಿಯಲ್ಲಿ ಯಲ್ಲಪ್ಪ ಎಂಬ ಮೆಕ್ಯಾನಿಕ್ಕು ಬೋರ್‌ವೆಲ್ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು ಹೇಗೆಂದು ಹೇಳುತ್ತಿದ್ದ. ಅದನ್ನು ಅವಳು ಹಚ್ಚಿರಲಿಲ್ಲ, ಆರಿಸೋಣವೆಂದರೆ ಕೈಗೆ ಹಿಟ್ಟು ಮೆತ್ತಿತ್ತು. ಇದ್ದಕ್ಕಿದ್ದಂತೆ ಬಳೆ ಜೇನುಗೂಡಿನ ಹಾಗೆ ಮೊರೆಯಿತು.

ತೊಂಬತ್ತೇಳು.

ಅವಳು ಹಿಟ್ಟಿನ ಕೈಯಲ್ಲೇ ಕೂತುಬಿಟ್ಟಳು. ಎದೆ ಢವಢವ, ಕಿವಿ ಬಿಸಿ, ಹಣೆಯಲ್ಲಿ ಬೆವರು. ಬಳೆ ತೊಟ್ಟ ಮೂರು ವರ್ಷದಲ್ಲಿ ಇಷ್ಟು ಬಂದದ್ದೇ ಇಲ್ಲ. ಯಲ್ಲಪ್ಪ ಹೇಳುತ್ತಿದ್ದ, “ತಂತಿಗೆ ಅವಸರ ಇರಂಗಿಲ್ರಿ. ಅವಸರ ಇರೂದು ನಮಗ. ಒಂದು ಸುತ್ತು ಇನ್ನೊಂದು ಸುತ್ತಿನ ಮ್ಯಾಲ ಏರಬಾರದ್ರಿ, ಬಾಜೂಕ ಕೂಡಬೇಕು.” ಅವಳು ಮತ್ತೆ ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡಳು. ಏನು ಮಾತು! ಇದರ ಚಂದ ತನಗೆ ತಿಳಿಯುವ ಮೊದಲೇ ಮೈಗೆ ತಿಳಿಯಿತಲ್ಲ!

“ರೀ!” ಎಂದು ಕೂಗಿದಳು. “ನನ್ನ ಮೈಗೆ ಜೀವ ಬಂತು!”

ಮಹಾಂತೇಶ ಓಡಿ ಬಂದು ಅಂಕಿ ನೋಡಿದ, ಬಾನುಲಿ ಕಡೆ ನೋಡಿದ, ಹೆಂಡತಿಯ ಮುಖ ನೋಡಿದ. “ಮೋಟಾರಿಗೇನು?” ಎಂದ. ಮೂವತ್ತು ವರ್ಷ ಮೋಟಾರುಗಳ ಜೊತೆ ಬಾಳಿದವನಿಗೆ ಒಳಗೊಳಗೇ ಹಿಗ್ಗಾಯಿತು.

ಸೋಮವಾರದ ಓಲೆಯಲ್ಲಿ ಯಲ್ಲಪ್ಪನ ಬಗ್ಗೆ ಅವಳು ಬರೆದದ್ದನ್ನು ಓದಿ ಜನ ಮರುಳಾದರು. ಮುಂದಿನ ವಾರ ಗದಗ ಜಂಕ್ಷನ್ನಿನ ಕ್ಯಾಮೆರಾ: ಗೂಡ್ಸ್ ವ್ಯಾಗನ್ನುಗಳನ್ನು ಹಿಂದೆ ಮುಂದೆ ತಳ್ಳಿ ಜೋಡಿಸುವುದನ್ನು ಹಗಲಿಡೀ ತೋರಿಸುತ್ತಿತ್ತು. ತೊಂಬತ್ತೈದು. ಅದರ ಮುಂದಿನ ವಾರ ಓದಲಿಕ್ಕೆ, ಉಪ್ಪಿನಕಾಯಿ ಜಾಡಿ ತೊಳೆಯುವ ಕ್ರಮದ ಕುರಿತ ಹಳೆಯ ಕಿರುಹೊತ್ತಿಗೆ. ತೊಂಬತ್ತಾರು. ಪ್ರತಿಯೊಂದರಲ್ಲೂ ಅವಳು ಹುಡುಕಿ ಹುಡುಕಿ ಚಂದ ಕಂಡಳು. ಕಂಡದ್ದನ್ನು ನಟಿಯ ಬಾಯಲ್ಲಿ ಹೇಳಿದಳು. ಭಾನುವಾರ ಸಂಸಾರಗಳು ಚಾಪೆ ಹಾಸಿ ಕೂತು ವ್ಯಾಗನ್ನು ನೋಡತೊಡಗಿದವು. ಕೆಂಪು ವ್ಯಾಗನ್ನು ಯಾವುದಕ್ಕೆ ಜೋಡಿಯಾಗುತ್ತದೆ ಎಂದು ಅಜ್ಜಿಯರು ಪಂಥ ಕಟ್ಟಿದರು. ಓಲೆ ಒಂದು ಲಕ್ಷ ಮನೆ ಮುಟ್ಟಿತು.

ಆಗ ಸಾಕ್ಷಿ ಕೇಂದ್ರದಿಂದ ಕರೆ ಬಂತು.

ಹುಬ್ಬಳ್ಳಿಯ ಆ ಕಟ್ಟಡದ ಒಳಗೆ ಕಾಲಿಟ್ಟರೆ ಕಲ್ಲಂಗಡಿಯ ಒಳಗೆ ಹೊಕ್ಕಷ್ಟು ತಂಪು. ನಿರ್ದೇಶಕ ಡಾಕ್ಟರ್ ಪಟ್ಟೇದರು ಅವಳನ್ನು ಎದ್ದು ನಿಂತು ಬರಮಾಡಿಕೊಂಡರು. “ಶಶಿಕಲಾಬಾಯಾರ, ಇಡೀ ರಾಜ್ಯದಾಗ ನಿಮ್ಮಷ್ಟು ಸೂಕ್ಷ್ಮ ಮೈ ಇನ್ನೊಂದು ಇಲ್ರಿ. ಇನ್ನ ಮ್ಯಾಲೆ ಹೊಸ ಬಳೆಗಳನ್ನೆಲ್ಲ ನಿಮ್ಮ ಮೈಗೆ ಹೊಂದಿಸಿ ತಯಾರಿಸಬೇಕಂತ ಮಾಡೇವಿ. ನೀವೇ ಅಳತೆಗೋಲು.”

ಅಳತೆಗೋಲು! ತಿಂಗಳ ಹಿಂದೆ ಸತ್ತಿದೆ ಎಂದುಕೊಂಡ ಮೈ. ಅವಳಿಗೆ ಕಣ್ಣು ತುಂಬಿ ಬಂತು.

ಪರೀಕ್ಷೆ ಮಾಡಿದವಳು ತೇಜಸ್ವಿನಿ ಎಂಬ ಎಂಜಿನಿಯರ್, ಇಪ್ಪತ್ತಾರರ ಹುಡುಗಿ. ಒಂದು ಕೋಣೆಯಲ್ಲಿ ಕೂರಿಸಿ ಸಂಗೀತ ಕೇಳಿಸಿದಳು. ನಲವತ್ತೆರಡು. ನಾಟಕದ ದೃಶ್ಯ ತೋರಿಸಿದಳು. ಮೂವತ್ತೈದು. ಗಾಜಿನ ಆಚೆ ನಿಂತಿದ್ದ ಪಟ್ಟೇದರ ಮುಖ ಇಳಿಯಿತು. ಶಶಿಕಲಾ ಬಳೆಯನ್ನು ಮಣಿಕಟ್ಟಿನ ಮೇಲೆ ಹಿಂದೆ ಮುಂದೆ ಸರಿಸಿದಳು.

“ಗಾಬರಿ ಆಗಬ್ಯಾಡ್ರಿ ಮೇಡಂ, ಚಹಾ ತಗೋರಿ,” ಎಂದು ತೇಜಸ್ವಿನಿ ಕುದಿ ಕುದಿ ಶುಂಠಿ ಚಹಾ ತಂದುಕೊಟ್ಟಳು.

ಅವಳು ಎರಡು ಗುಟುಕು ಕುಡಿದಿದ್ದಳು. ಹೊರಗೆ ಕಸ ಗುಡಿಸುವ ತಳ್ಳುಗಾಡಿಯೊಂದು ಕಿರ್ರೋ ಕಿರ್ರೋ ಎಂದು ಹೋಯಿತು. ಬಳೆ ಮೊರೆಯಿತು. ತೊಂಬತ್ತೆಂಟು!

ಗಾಜಿನ ಆಚೆ ಚಪ್ಪಾಳೆ. ಪಟ್ಟೇದರು ಕಾರಿಡಾರಿಗೆ ಓಡಿದರು. “ಆ ಗಾಡಿ ನಿಲ್ಲಸ್ರಿ! ಗಾಲಿಗೆ ಎಣ್ಣಿ ಹಾಕಬ್ಯಾಡ್ರಿ! ಧ್ವನಿ ತಗೋಬೇಕು ಅದನ್ನ!” ಗಾಡಿಯ ಹೆಂಗಸು ತನ್ನಿಂದ ಏನೋ ತಪ್ಪಾಯಿತೆಂದು ಕೈಮುಗಿದು ನಿಂತಳು. ಚಪ್ಪಾಳೆ ತಟ್ಟದವಳು ತೇಜಸ್ವಿನಿ ಒಬ್ಬಳೇ. ಅವಳು ಚಹಾದ ಲೋಟವನ್ನೇ ನೋಡುತ್ತಿದ್ದಳು. ಮುಂದಿನ ಮಂಗಳವಾರ ಒಪ್ಪಂದಕ್ಕೆ ಸಹಿ ಎಂದು ನಿಗದಿಯಾಯಿತು.

ಆ ಶುಕ್ರವಾರ ರಾಣಿಯ ವೇಷದ ಅಳತೆ. ರುದ್ರಕ್ಕ ಬಾಯಲ್ಲಿ ಟಾಚಣಿ ಸೂಜಿಗಳನ್ನು ಕಚ್ಚಿಕೊಂಡು ಜರತಾರಿ ರವಿಕೆಯ ಬೆನ್ನಿಗೆ ಗುರುತು ಹಾಕುತ್ತಿದ್ದಳು. ಶಶಿಕಲಾ ಹುಬ್ಬಳ್ಳಿಯ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳುತ್ತಿದ್ದಳು. ನಡುವೆ ಮೈಯೊಳಗೆ ಯಾರೋ ಒಲೆಗೆ ಕಟ್ಟಿಗೆ ಒಟ್ಟಿದಂತಾಯಿತು. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ. ಬಳೆ ಮೊರೆಯಿತು.

“ಕೇಳಿದ್ರಿ? ತೊಂಬತ್ತಾರು! ಏನು ಕೇಳಿ ಬಂತಿದು?” ಅವಳು ಸುತ್ತ ನೋಡಿದಳು. ಪಕ್ಕದ ಮನೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. “ಆ ಕೆಮ್ಮಿನಾಗ ಏನೋ ಐತ್ರಿ ರುದ್ರಕ್ಕ...”

ರುದ್ರಕ್ಕನ ಕೈ ರವಿಕೆಯ ಬೆನ್ನ ಮೇಲೆ ಇತ್ತು. ಬಟ್ಟೆ ಆಗಲೇ ತೊಯ್ದು ಅಂಟಿಕೊಂಡಿತ್ತು. ಅವಳು ಟಾಚಣಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. ಬರುವ ನಗುವಿಗೆ ಬಾಯಿ ಖಾಲಿ ಬೇಕಿತ್ತು.

“ಶಶಿ, ನಿನ್ನ ಮುಟ್ಟು ನಿಂತು ಎಷ್ಟು ತಿಂಗಳಾತು?”

“ಅದ್ಯಾಕ ಈಗ? ಏಳೆಂಟು... ಸರಿಯಾಗಿ ನಿಂತಿಲ್ಲ, ಒಮ್ಮೆ ಬರ್ತದ, ಒಮ್ಮೆ...”

“ಫ್ಯಾನು ಹಚ್ಚತೀಯಿಲ್ಲೋ?”

“ಹಚ್ಚತೀನಿ.”

“ಗಂಡ ಶಾಲು ಹೊದ್ದಾನೋ ಇಲ್ಲೋ?”

ಶಶಿಕಲಾ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಎಲ್ಲಾರಿಗೂ ಬರೂ ಬಿಸಿ ಇದು ನನ್ನವ್ವ! ನನಗ ಬಂದಾಗ ಕಂಪನ್ಯಾಗ ಸೀತಾ ಪಾರ್ಟು. ಅಗ್ನಿ ಪ್ರವೇಶದ ಸೀನಿನಾಗ ಒಮ್ಮೆ ಎಂಥಾ ಬಿಸಿ ಬಂತಂದ್ರ, ಬೆಂಕಿ ಒಳಗ ಹೋಗಿ ತಂಪಾಗಿ ಬರ್ತೀನಿ ಅನ್ನಿಸ್ತು!” ರುದ್ರಕ್ಕ ಮಷೀನಿನ ಮೇಲೆ ತಲೆಯಿಟ್ಟು ನಕ್ಕಳು. “ಪಾಪ, ಆ ವ್ಯಾಗನ್ನು! ಆ ಉಪ್ಪಿನಕಾಯಿ ಜಾಡಿ! ಹುಬ್ಬಳ್ಳ್ಯಾಗ ಕಸದ ಗಾಡಿಗೆ ಎಣ್ಣಿ ಬಿಡವಲ್ರು!”

ಶಶಿಕಲಾಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಟಾಚಣಿ ಚುಚ್ಚಿಸಿಕೊಳ್ಳುತ್ತಲೇ ನಕ್ಕಳು. ನಗು ನಿಂತ ಮೇಲೆ ಮಾತ್ರ ಒಳಗೆ ಏನೋ ಕಳಚಿ ಬಿದ್ದ ಹಾಗಾಯಿತು. ಹಾಗಾದರೆ ಮೈಗೆ ಜೀವ ಬಂದಿರಲಿಲ್ಲ. ಮೂವತ್ತೆಂಟು, ನಲವತ್ತೆರಡು, ಮೂವತ್ತೈದು, ಅವೇ ನಿಜ.

ಎರಡು ದಿನ ಅವಳು ಯಾರಿಗೂ ಹೇಳದೆ ತೂಗಿ ನೋಡಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ರುದ್ರಕ್ಕ ಹೊಟ್ಟೆಯಲ್ಲಿ ಹಾಕಿಕೊಳ್ಳುವವಳೇ. ಹೇಳಿದರೆ ಓಲೆ ಹೋಯಿತು, ಹನ್ನೊಂದು ವರ್ಷ ಹೋಯಿತು. ಒಂದು ಲಕ್ಷ ಮನೆಗಳಿಗೆ ತನ್ನ ಮುಟ್ಟಿನ ಸಂಗತಿ ಹೇಳಬೇಕು, ಅದು ಬೇರೆ. ಅವಳ ತಾಯಿ ಆ ಪದವನ್ನು ಗಂಡನ ಮುಂದೂ ಆಡಿದವಳಲ್ಲ. ಆ ಕಾಲ ಬಂದಾಗ ತಾಯಿ ಹಿತ್ತಲಲ್ಲಿ ಹೋಗಿ ನಿಲ್ಲುತ್ತಿದ್ದಳು. ಯಾಕವ್ವಾ ಎಂದರೆ ಬಸಳೆ ಬಳ್ಳಿ ನೋಡುತ್ತಿದ್ದೇನೆ ಎನ್ನುತ್ತಿದ್ದಳು. ಎಷ್ಟು ಸಲ ನೋಡಿದ್ದಳು ಆ ಬಳ್ಳಿಯನ್ನು! ಶಶಿಕಲಾಳಿಗೆ ಈಗ ಅರ್ಥವಾಯಿತು.

ಅಳತೆಗೋಲಿನ ವಿಷಯ ನೆನಪಾದಾಗ ಮಾತ್ರ ಅವಳು ಎದ್ದು ಕೂತಳು. ಇನ್ನು ಮುಂದೆ ಹದಿನೆಂಟರ ಹುಡುಗಿಯೊಬ್ಬಳು ಹಾಡು ಕೇಳಿ ಅತ್ತರೂ ಬಳೆ, ನಿನಗೇನೂ ಆಗಿಲ್ಲ ಎನ್ನುತ್ತದೆ. ಶಶಿಕಲಾ ಅಸುಂಡಿಯಷ್ಟು ಬೆವರಿಲ್ಲವಲ್ಲ!

ಭಾನುವಾರ ಊಟವಾದ ಮೇಲೆ ಗಂಡನಿಗೆ ಹೇಳಿದಳು. ಅವನು ಶಾಲು ಸರಿಮಾಡಿಕೊಂಡ. “ಯಲ್ಲಪ್ಪನ ಮಾತು ಖರೇನ ಛಲೋ ಇತ್ತಲ್ಲ?” ಎಂದ, ಆಸೆಯಿಂದ.

“ಇತ್ತ್ರಿ. ಜುಮ್ಮು ಇರಲಿಲ್ಲ, ಆದ್ರ ಮಾತು ಛಲೋ ಇತ್ತು.”

“ಹಂಗಾರ ಬರಿ. ಬರದು ಬಿಡು. ಓಲೆ ಹೋದ್ರ ಹೋಗ್ಲಿ, ಸೋಮವಾರ ಮುಂಜಾನೆ ನನಗ ಬಿಸಿ ಉಪ್ಪಿಟ್ಟರ ಸಿಗ್ತದ.”

ಸೋಮವಾರ ಒಂಬತ್ತಕ್ಕೆ ಹೋದ ಓಲೆಯಲ್ಲಿ ಹೀಗಿತ್ತು: ‘ಈ ವಾರ ನಾನು ಮಾಡಿದ್ದು: ರಾಣಿಯ ರವಿಕೆಯನ್ನು ಬೆವರಿನಲ್ಲಿ ತೋಯಿಸಿದೆ. ನಾನು ನಿಮಗೆ ಕಳಿಸಿದ ಈಚಿನ ಮೂರು ಹಸಿರು ಮುದ್ರೆಗಳು ಪುಳಕದವಲ್ಲ, ಮುಟ್ಟು ನಿಲ್ಲುವ ವಯಸ್ಸಿನ ಬಿಸಿಯವು. ಬಳೆಗೆ ವ್ಯತ್ಯಾಸ ತಿಳಿಯಲಿಲ್ಲ. ನಾಚಿಕೆಯ ಸಂಗತಿ ಎಂದರೆ, ನನಗೂ ತಿಳಿಯಲಿಲ್ಲ. ಅಂಕಿ ನೋಡಿದ ಮೇಲೆ ಚಂದವನ್ನು ಹುಡುಕಿಕೊಂಡು ಹೋದೆ. ವ್ಯಾಗನ್ನು ನೋಡಿ ಖುಷಿಪಟ್ಟವರು ದಯವಿಟ್ಟು ಖುಷಿಯನ್ನು ಇಟ್ಟುಕೊಳ್ಳಿ. ಮುದ್ರೆಯನ್ನು ಮಾತ್ರ ವಾಪಸು ಕೊಡಿ.’

ಹತ್ತು ಗಂಟೆಗೆ ಓಲೆ ನಿಂತಿತು. ಕೇಂದ್ರದ ನಿಯಮ ನಿಯಮವೇ. ಆದರೆ ಅಷ್ಟರೊಳಗೆ ಅದು ಮುಟ್ಟುವಲ್ಲಿಗೆ ಮುಟ್ಟಿತ್ತು. ಉತ್ತರಗಳು ಬಂದವು. ರೋಣದ ಹೆಂಗಸೊಬ್ಬಳು: ‘ನಾನು ಸೊಸೆಯ ಹಾಡಿಗೆ ತೊಂಬತ್ತು ಕೊಟ್ಟಿದ್ದೆ. ಆಕೆ ಎರಡು ವರ್ಷದಿಂದ ಹಾಡು ನಿಲ್ಲಿಸಿಲ್ಲ. ಈಗ ಏನು ಮಾಡಲಿ?’ ಲಕ್ಷ್ಮೇಶ್ವರದ ಪ್ರಾಧ್ಯಾಪಕಿಯೊಬ್ಬರು: ‘ಹೋದ ವರ್ಷ ಎಂಬತ್ತೊಂಬತ್ತು ಜುಮ್ಮಿನೊಂದಿಗೆ ನಾನು ಶಿಫಾರಸು ಮಾಡಿದ ಕಾವ್ಯ ನನಗೆ ಅರ್ಥವೇ ಆಗಿರಲಿಲ್ಲ. ಮನಸ್ಸು ಹಗುರಾಯಿತು.’ ಯಲ್ಲಪ್ಪನೂ ಬರೆದಿದ್ದ: ‘ಅಕ್ಕಾರ, ನಿಮಗ ಬಿಸಿ ಆಗಿದ್ರೂ ಅಡ್ಡಿ ಇಲ್ರಿ. ಊರ ಮಂದಿ ನನ್ನ ಮಾತು ಕೇಳಿದ್ರು. ನನ್ನ ಹೇಣ್ತಿ ಸುದ್ದಾ ಮೊದಲನೇ ಸಲ ಪೂರ್ತಿ ಕೇಳಿದ್ಲು.’

ಬುಧವಾರ ಮಧ್ಯಾಹ್ನ ತೇಜಸ್ವಿನಿ ಹುಬ್ಬಳ್ಳಿಯಿಂದ ಬಂದಳು. ಬಳೆ ವಾಪಸು ತೆಗೆದುಕೊಳ್ಳಲು ಬಂದವಳು ಅಡುಗೆಮನೆಯ ಮೇಜಿನ ಮೇಲೆ ಉದ್ದನೆಯ ಕಾಗದವೊಂದನ್ನು ಹರಡಿದಳು.

“ಪಟ್ಟೇದ ಸರ್ ಮೂರು ದಿನದಿಂದ ಊಟ ಬಿಟ್ಟಾರ್ರಿ ಮೇಡಂ. ಬಳೆ ಮಾಡುವಾಗ ನಾವು ಎರಡು ಸಾವಿರ ಮಂದಿ ಮ್ಯಾಲೆ ಪರೀಕ್ಷೆ ಮಾಡಿದ್ವಿ. ಎಲ್ಲಾರೂ ಕಾಲೇಜಿನವರು. ಭಾಳ ದೊಡ್ಡಾಕಿ ಅಂದ್ರ ಮೂವತ್ನಾಕು. ಅದೂ ಆ ತಂಪು ಕೋಣ್ಯಾಗ. ನಿಮ್ಮ ವಯಸ್ಸಿನವರಿಗೆ ಹಿಂಗಾಗ್ತದಂತ ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ. ಮನ್ಯಾಗ ನಮ್ಮವ್ವ ದಿನಾ ಸೆರಗಿನಿಂದ ಗಾಳಿ ಹಾಕ್ಕೊಂತ ಕುಂದರ್ತಾಳ.”

“ಆತು ಬಿಡವಾ. ನೀವು ಹುಡುಗೂರು.”

“ಪೂರ್ತಿ ಕೇಳ್ರಿ.” ಅವಳ ತುಟಿಯಂಚಿನಲ್ಲಿ ನಗು ತಡೆಯುತ್ತಿರಲಿಲ್ಲ. “ನಿನ್ನಿ ಎಲ್ಲಾ ಲೆಕ್ಕ ತಗದು ನೋಡಿದ್ವಿ. ಮೂರು ವರ್ಷದಾಗ ತೊಂಬತ್ತರ ಮ್ಯಾಲ ಬಂದ ಮುದ್ರೆ ಒಳಗ ಹತ್ತಕ್ಕ ಏಳು ನಲವತ್ತೈದರಿಂದ ಐವತ್ತೈದರ ನಡುವಿನ ಹೆಣ್ಣಮಕ್ಕಳದು. ಈ ರಾಜ್ಯ ಮೂರು ವರ್ಷ ಏನು ನೋಡೇತಿ, ಏನು ಹಾಡೇತಿ, ಎಲ್ಲಾ ನಿಮ್ಮಂಥವರ ಬಿಸೀಲೆ ನಡದೈತ್ರಿ!”

ಒಳಗಿನ ಕೋಣೆಯಿಂದ ಮಹಾಂತೇಶ ನಕ್ಕದ್ದು ಕೇಳಿಸಿತು. ಶಶಿಕಲಾಳೂ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು, “ಅದೆಲ್ಲ ಇರ್ಲಿ. ನನ್ನ ಮೈ ಮಾತ್ರ ಸತ್ತದ ಅನ್ನೂದು ಖರೆ ಆತಲ್ಲ.”

“ಯಾರು ಹೇಳಿದ್ರು? ಅದನ್ನ ಹೇಳಾಕಂತ ನಾ ಬಸ್ ಹತ್ತಿ ಬಂದೀನಿ.” ತೇಜಸ್ವಿನಿ ಕಾಗದದ ಮೇಲೆ ಬೆರಳಿಟ್ಟಳು. “ರೋಮ, ಬಿಸಿ, ಎದೆಬಡಿತ ಮೂರನ್ನೂ ಬ್ಯಾರೆ ಬ್ಯಾರೆ ಮಾಡಿ ನೋಡಿದೆ. ನಿಮ್ಮ ತೊಂಬತ್ತೇಳರಾಗ ರೋಮ ಒಂದೂ ಎದ್ದಿಲ್ಲ. ಬರೇ ಬಿಸಿ, ಎದೆಬಡಿತ; ಅವೆರಡೂ ಹದ್ದು ಮೀರಿದ್ರ ಬಳೆ ರೋಮದ ಕೊರತಿ ತುಂಬ್ಕೋತದ. ಆದ್ರ ಇಲ್ಲಿ ನೋಡ್ರಿ. ಬಿಸಿ ಇಲ್ಲ. ಎದೆಬಡಿತ ನಿಧಾನ ಆಗೈತಿ, ಉಸಿರು ಹಿಡದಿದ್ರಿ ಕಾಣ್ತದ. ರೋಮ ಮಾತ್ರ ಮೊಣಕೈ ತನಕ ಎದ್ದು ನಿಂತಾವ. ಮೂರು ವರ್ಷದ ದಾಖಲೆ ಒಳಗ ಇಷ್ಟು ಸ್ವಚ್ಛ ಪುಳಕ ನಾ ನೋಡಿಲ್ಲ. ಬಿಸಿ ಇಲ್ಲಂತ ಬಳೆ ಅರವತ್ತೊಂದು ಅಂದೈತಿ. ಹೋದ ತಿಂಗಳು ಗುರುವಾರ, ನಾಕೂ ಹತ್ತು. ಏನು ಕೇಳಾಕತ್ತಿದ್ರಿ ಮೇಡಂ ಆವಾಗ?”

ಶಶಿಕಲಾ ಕಾಗದದ ಮೇಲಿನ ಆ ಸಣ್ಣ ಗೆರೆಯನ್ನು ನೋಡಿದಳು. ಒಣ ಹುಲ್ಲಿನ ಹಾಗೆ ನೆಟ್ಟಗೆ ಎದ್ದಿತ್ತು. ಗುರುವಾರ, ನಾಲ್ಕೂ ಹತ್ತು. ಸೂಜಿ. ತುಟಿಯಲ್ಲಿ ಒದ್ದೆಯಾದ ದಾರ.

ಅವಳಿಗೆ ಆಗಲೇ ಗೊತ್ತಿತ್ತು. ಅಂಗಡಿಯಲ್ಲಿ ನಿಂತಿದ್ದಾಗಲೇ ಗೊತ್ತಾಗಿತ್ತು. ಬಳೆ ನೋಡಿ ಗೊತ್ತಿಲ್ಲ ಎಂದುಕೊಂಡಿದ್ದಳು.

ಹಾಗೆ ನಿಂತ ಓಲೆಯನ್ನು ಜಾಲ ತಾನಾಗಿ ಹೊತ್ತೊಯ್ಯುವುದಿಲ್ಲ. ಬೇಕೆಂದವರು ತಾವೇ ಕೇಳಿ ತರಿಸಿಕೊಳ್ಳಬಹುದು. ಮುಂದಿನ ಸೋಮವಾರ ಹಾಗೆ ಕೇಳಿದವರು ಆರುನೂರು ಮನೆಯವರು. ಶಶಿಕಲಾ ಆರುನೂರನ್ನು ಹನ್ನೆರಡರ ಪಕ್ಕ ಇಟ್ಟು ನೋಡಿ ಸಮಾಧಾನಪಟ್ಟಳು. ಒಂದು ಲಕ್ಷದ ಪಕ್ಕ ಇಟ್ಟು ಸ್ವಲ್ಪ ಹೊತ್ತು ಬೇಸರಪಟ್ಟಳು. ಆಮೇಲೆ ಬರೆದಳು.

‘ಈ ವಾರ ನಾನು ಮಾಡಿದ್ದು: ರಾಣಿಯನ್ನು ನಡೆಸುವುದು ನಿಲ್ಲಿಸಿದೆ.

‘ಈ ವಾರ ನೋಡಲಿಕ್ಕೂ ಕೇಳಲಿಕ್ಕೂ ಸೇರಿ ಒಂದೇ ಶಿಫಾರಸು. ಇದನ್ನು ನಿಮಗೆ ಕಳಿಸಲು ಬರುವುದಿಲ್ಲ, ನೀವೇ ಹೋಗಬೇಕು. ಬೆಟಗೇರಿಯಲ್ಲಿ ರುದ್ರಕ್ಕ ಎಂಬುವರ ಹೊಲಿಗೆ ಅಂಗಡಿ, ಗುರುವಾರ ನಾಲ್ಕು ಗಂಟೆಗೆ. ಅವರು ದಾರ ಪೋಣಿಸುವ ತನಕ ತಾಳ್ಮೆಯಿಂದಿರಿ. ಬರಿಗೈಯಲ್ಲಿ ಹೋದರೆ ಬೈಯುತ್ತಾರೆ, ಒಂದು ಬ್ಲೌಸ್ ಪೀಸ್ ತೆಗೆದುಕೊಂಡು ಹೋಗಿ. ಎಷ್ಟು ಜುಮ್ಮು ಎಂದು ಕೇಳಬೇಡಿ, ಬಳೆ ಕೊಟ್ಟುಬಿಟ್ಟಿದ್ದೇನೆ.

‘ಓದಲಿಕ್ಕೆ: ನಿಮ್ಮ ತಾಯಿ ಸುಮ್ಮನೆ ಹಿತ್ತಲಿಗೆ ಹೋಗಿ ನಿಂತಿದ್ದರೆ, ಅವರ ಮುಖ.’

ಗುರುವಾರ ಮೂರೂವರೆಗೆ ರುದ್ರಕ್ಕನ ಓಣಿ ತುಂಬಿತ್ತು. ನಲವತ್ತು ಐವತ್ತು ಹೆಂಗಸರು, ಕಂಕುಳಲ್ಲಿ ಬ್ಲೌಸ್ ಪೀಸು. ಐದಾರು ಗಂಡಸರು ಏನು ತರಬೇಕೆಂದು ತಿಳಿಯದೆ ಕರವಸ್ತ್ರ ತಂದಿದ್ದರು. ತೇಜಸ್ವಿನಿ ತನ್ನ ತಾಯಿಯನ್ನು ಕರೆತಂದಿದ್ದಳು. ಮಹಾಂತೇಶ ತಾಳೆಗರಿಯ ಬೀಸಣಿಗೆ ಹಿಡಿದು ಹೆಂಡತಿಯ ಪಕ್ಕ ನಿಂತಿದ್ದ.

ರುದ್ರಕ್ಕ ಹೊಸ್ತಿಲಿಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದಳು. “ಯಾರ ಮನ್ಯಾಗ ಲಗ್ನ ಐತಿ? ಇಷ್ಟು ಮಂದಿ ಬ್ಲೌಸು ನಾ ಸತ್ತ ಮ್ಯಾಲೂ ಹೊಲೀಬೇಕಾಕ್ಕತಿ!” ಗುಂಪಿನಲ್ಲಿ ಶಶಿಕಲಾ ಕಂಡಳು. “ನೀನ? ನಿಂದ ಕೆಲಸ ಇದು? ಅಳತಿ ಬ್ಲೌಸು ತಂದವರು ಮುಂದ ಬರ್ರಿ. ಕರವಸ್ತ್ರದವರು ಗ್ವಾಡಿಗೆ ಹತ್ತಿ ನಿಂದರ್ರಿ.”

ಅವಳು ಒಳಹೋಗಿ ಮಷೀನಿನ ಮುಂದೆ ಕೂತಳು. ಸೂಜಿ ತೆಗೆದಳು. ದಾರ ಮೊದಲ ಸಲ ಹೋಗಲಿಲ್ಲ, ಎರಡನೇ ಸಲವೂ ಹೋಗಲಿಲ್ಲ. ಓಣಿಯಲ್ಲಿ ಒಬ್ಬರೂ ಉಸಿರಾಡಲಿಲ್ಲ. ಮೂರನೇ ಸಲ ಹೋಯಿತು. ಅವಳು ತಲೆಯೆತ್ತಿದಳು. ಕಂಪನಿ ಮುಚ್ಚಿದ ಮೇಲೆ ಇಪ್ಪತ್ತೆಂಟು ವರ್ಷದಿಂದ ತನ್ನ ಮುಂದೆ ಇರದಿದ್ದ ಜನರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

“ಸಭೆಯಲ್ಲಿ,” ಎಂದಳು, “ಯಾರೂ ಇಲ್ಲವೇ?”

ಶಶಿಕಲಾಳ ಎದೆಯಿಂದ ಬಿಸಿ ಏರತೊಡಗಿತು, ಕುತ್ತಿಗೆಗೆ, ಕಿವಿಗೆ. ಅದೇ ಹೊತ್ತಿಗೆ ಮೊಣಕೈಯಿಂದ ಮೇಲಕ್ಕೆ ತೋಳಿನ ರೋಮಗಳು ಒಂದೊಂದಾಗಿ ಎದ್ದವು. ಅವಳು ಅಭ್ಯಾಸಬಲದಿಂದ ಎಡ ಮಣಿಕಟ್ಟು ನೋಡಿಕೊಂಡಳು. ಬಳೆಯಿದ್ದ ಜಾಗದಲ್ಲಿ ಬಿಳಿಯ ಗುರುತಷ್ಟೇ ಇತ್ತು.

“ಬಿಸಿ ಬಂತೇನು?” ಮಹಾಂತೇಶ ಪಿಸುಗುಟ್ಟಿ ಬೀಸಣಿಗೆ ಎತ್ತಿದ.

“ಬಂತು. ಬೀಸ್ರಿ,” ಎಂದಳು ಅವಳು, ಕಣ್ಣು ತೆಗೆಯದೆ. “ಸಪ್ಪಳ ಮಾಡಬ್ಯಾಡ್ರಿ.”